ಬಲಗಡೆಯ ಸೀಟು

ಹದಿನೆಂಟು ತುಂಬುವವರೆಗೆ ನಾನು ಬಿಚ್ಚಿದ್ದೆಲ್ಲ
ದೋಣಿಯ ಎಂಜಿನ್ನೇ.
ಉಪ್ಪು ತಿಂದು ಕೆಮ್ಮುವ, ಹೊಗೆ ಕಾರುವ,
ಬೈದರೆ ಮಾತ್ರ ಹೊರಡುವ ಜಾತಿ.

ಹಾಗಿರುವಾಗ ಕಾಸರಕೋಡಿನ ನಮ್ಮ ಶೆಡ್ಡಿಗೆ
ಭಟ್ಕಳದಿಂದ ಬಂತು ಇದು, ಎಂಬತ್ತೆರಡನೆಯ ಇಸವಿ,
ಹಾಲಿಗೆ ಎರಡು ಹನಿ ಚಹಾ ಬಿದ್ದ ಬಣ್ಣ.
ಬಾನೆಟ್ ಎತ್ತಿದರೆ
ಪೆಟ್ಟಿಗೆಯಲ್ಲಿ ಪಾತ್ರೆ ಜೋಡಿಸಿಟ್ಟ ಹಾಗೆ ಎಲ್ಲ.
ಕೀಲಿ ತಿರುವಿದರು ಇಸ್ಮಾಯಿಲ್ ಕೋಬಟ್ಟೆ ಸಾಹೇಬರು.
ಶುರು ಮಾಡಿ ನೋಡುವಾ, ಎಂದೆ.
ಆಗಲೇ ಆಗಿದೆಯಲ್ಲೋ ಮಾರಾಯ, ಎಂದರು.

ಟೊಯೋಟಾ ಕೊರೊನಾ.
ಕುವೈತಿನಲ್ಲಿ ಎರಡು ವರ್ಷ ಓಡಿ
ಹಡಗು ಹತ್ತಿ ಮುಂಬಯಿಗೆ ಇಳಿದದ್ದು;
ಕೊಂಡ ಬೆಲೆಗಿಂತ ಬಂದರಿನ ಸುಂಕವೇ ಹೆಚ್ಚಂತೆ.
ಎಸಿ ಇತ್ತು, ಕ್ಯಾಸೆಟ್ಟು ನುಂಗುವ ಬಾಯಿ ಇತ್ತು,
ಕತ್ತಲಲ್ಲಿ ಹಸಿರಾಗುವ ಗಡಿಯಾರ ಇತ್ತು.
ಅದು ಬಹಳ ವರ್ಷ ಕುವೈತಿನ ಹೊತ್ತನ್ನೇ ತೋರಿಸಿತು,
ತಿರುಗಿಸಲು ಅವರಿಗೆ ಮನಸ್ಸಾಗಲಿಲ್ಲ.
ಹಿಂದಿನ ಸೀಟಿನಲ್ಲಿ ನಾಲ್ಕು ಮಕ್ಕಳು, ಒಬ್ಬಳು ಅತ್ತೆ,
ಒಂದು ಹಲಸಿನ ಹಣ್ಣು.

ಇದನ್ನು ಮಾಡಿದವರು ಮೊದಲು ಮಗ್ಗ ಮಾಡುತ್ತಿದ್ದರಂತೆ.
ಒಂದೇ ಒಂದು ನೂಲು ಕಡಿದರೂ
ತಾನಾಗಿ ನಿಲ್ಲುವ ಮಗ್ಗ.
ಸಾಹೇಬರು ಹೇಳಿದ್ದು. ನಾನು ಬಹಳ ದಿನ ನಂಬಲಿಲ್ಲ,
ಈ ಕಾರು ಎಲ್ಲಿಯೂ ನಿಂತದ್ದನ್ನೇ ಕಂಡಿರಲಿಲ್ಲವಲ್ಲ.

ಬಿಡಿಭಾಗ ಮಾತ್ರ ಹೊನ್ನಾವರದಲ್ಲಿ ಯಾರಪ್ಪನ ಮನೆಯಲ್ಲೂ ಇಲ್ಲ.
ಪ್ಲಗ್ಗು ಬಂತು ಖರ್ಜೂರದ ಪೊಟ್ಟಣದಲ್ಲಿ,
ಗ್ಯಾಸ್ಕೆಟ್ಟು ಮದುವೆ ಬಟ್ಟೆಗಳ ನಡುವೆ, ಮಡಿಕೆ ಬೀಳದೆ;
ಫ್ಯಾನ್ ಬೆಲ್ಟು ಮಂಕಿಯ ಅಕ್ಕಿ ಮಿಲ್ಲಿನದು,
ಎಂಜಿನ್ ಕೂತ ರಬ್ಬರು, ದೇವರಾಣೆ, ದೋಣಿಯದು.
ಒಳಗಿನ ಸರಪಳಿ ಒಂದೇ ಸಲ ಬದಲಿಸಿದ್ದೇನೆ
ನಲವತ್ತು ವರ್ಷಕ್ಕೆ.

ಒಂದೇ ತೊಂದರೆ. ಸ್ಟೇರಿಂಗು ಎಡಕ್ಕೆ.
ನಮ್ಮ ರಸ್ತೆಯಲ್ಲಿ ಎಡಕ್ಕೆ ಕೂತವನಿಗೆ ಕಾಣುವುದು
ಗಟಾರ, ದರೆ, ಮೇಯುವ ದನದ ಬಾಲ;
ಮುಂದಿನ ಲಾರಿಯ ಆಚೆಗೆ ಏನಿದೆಯೋ ಕಾಣದು.
ಕಾಣುವುದು ಬಲಗಡೆಯ ಸೀಟಿಗೆ.
ಅಲ್ಲಿ ಸಫೂರಾಬಿ.
ಅವರು ಹಾಂ ಎಂದರೆ ಸಾಹೇಬರು ದಾಟುತ್ತಿದ್ದರು,
ಎನ್ನದಿದ್ದರೆ ಇಲ್ಲ.
ದೇವಿಮನೆ ಘಟ್ಟದ ತಿರುವಿನಲ್ಲಿ,
ಶರಾವತಿ ಸೇತುವೆಯ ಇಕ್ಕಟ್ಟಿನಲ್ಲಿ,
ಎದುರಿಂದ ಬಸ್ಸು ಬೀಸಿ ಬರುವಾಗ
ಏಳು ಜೀವ, ಒಂದಕ್ಷರ.
ಸ್ಟೇರಿಂಗನ್ನು ಬಲಕ್ಕೆ ಮಾಡಿಕೊಡಲಾ, ಎಂದು ಕೇಳಿದ್ದೆ ಒಮ್ಮೆ.
ಆಗ ಇವಳು ಎಲ್ಲಿ ಕೂರಬೇಕು, ಎಂದರು.

ಆ ಕಾಯಿಲೆಯ ವರ್ಷ ಡಿಕ್ಕಿಯ ಮೇಲಿನ ಹೆಸರು ನೋಡಿ
ಹುಡುಗರು ಹೆದರಿ ಓಡುವ ಆಟ ಆಡಿದರು.
ಗೇಟಿನ ಪೊಲೀಸ್ ಫೋಟೋ ಹೊಡೆದುಕೊಂಡ.
ಅಕ್ಷರ ಕಿತ್ತುಬಿಡುವಾ ಸಾಹೇಬರೇ?
ಬೇಡ. ಕಿರೀಟ ಅಂತ ಅರ್ಥ ಅದಕ್ಕೆ. ಮತ್ತೆ,
ಮೊದಲು ಬಂದದ್ದು ನಮ್ಮದು.

ಮೊನ್ನೆ ಕಾರ್ಬುರೇಟರ್ ತೊಳೆದುಕೊಟ್ಟೆ.
ಹೇಗೆ ಓಡುತ್ತದೆ ನೋಡು ಬಾ, ಎಂದು
ನನ್ನನ್ನೂ ಹಿಂದೆ ಕೂರಿಸಿಕೊಂಡರು.
ಸಫೂರಾಬಿಯ ಎರಡೂ ಕಣ್ಣಿಗೆ ಪೊರೆ ಬಂದು ಮೂರು ವರ್ಷ,
ಆಪರೇಷನ್ ಎಂದರೆ ನಾಳೆ, ನಾಳೆ.
ಆದರೂ ಅದೇ ಸೀಟು, ಕಿಟಕಿಗೆ ಮೊಣಕೈ, ಮುಂದಕ್ಕೆ ನೆಟ್ಟ ಮುಖ.

ಅಪ್ಸರಕೊಂಡದ ಕ್ರಾಸು ಕಳೆದು
ನಾಲ್ಕು ಪಥದ ಕೆಲಸ ಇನ್ನೂ ಮುಗಿಯದ ಕಡೆ
ಮುಂದೆ ಸಿಕ್ಕಿತು ಮೀನಿನ ಲಾರಿ,
ಹಿಂಬಾಗಿಲಿನಿಂದ ಮಂಜಿನ ನೀರು ಸೋರುತ್ತ.
ಅವರು ತುಸು ಹೊತ್ತು ಕಿವಿಗೊಟ್ಟರು.
ಹಾಂ, ಎಂದರು.

ಸಾಹೇಬರು ಹಾರ್ನ್ ಒತ್ತಿದರು. ಗೇರು ಇಳಿಸಿದರು.
ನಾನು ವರ್ಷಗಟ್ಟಲೆ ಬೇಡ ಬೇಡ ಎಂದದ್ದನ್ನೇ ಮಾಡಿದರು,
ಕ್ಲಚ್ ಒತ್ತಿ ಹಿಡಿದು ಆಕ್ಸಿಲರೇಟರ್ ತುಳಿದರು.
ಚಕ್ರ ಒಂದಿಷ್ಟು ಬಲಕ್ಕೆ, ಮತ್ತೆ ಎಡಕ್ಕೆ.
ಲಾರಿ ಇದ್ದಲ್ಲೇ ಇತ್ತು, ನಮ್ಮ ಮೂಗಿನ ಮುಂದೆ.

ದಾಟಿತಾ?
ದಾಟಿತು.

ಕನ್ನಡಿಯಲ್ಲಿ ಸಾಹೇಬರ ಕಣ್ಣು ನನ್ನನ್ನು ಹುಡುಕಿತು;
ನಾನು ಲಾರಿಯ ನಂಬರ್ ಓದುತ್ತ ಕೂತೆ.

ಬಂಗಡೆಯ ವಾಸನೆ ಕಾರಿನ ತುಂಬ.
ಸಫೂರಾಬಿ ಏನೂ ಹೇಳಲಿಲ್ಲ.
ತಡವಿ ಹಿಡಿಕೆ ಹುಡುಕಿ
ತಮ್ಮ ಬದಿಯ ಗಾಜನ್ನು
ನಿಧಾನ ಮೇಲಕ್ಕೇರಿಸಿದರು.