ಹಳೇ ಮುರಿತ, ಕೂಡಿದೆ

ಕಲಾಸಿಪಾಳ್ಯದ ಬಸ್ಸುಗಳ ಹಾರನ್ನು
ಸೀಸದ ಬಾಗಿಲು ದಾಟಿ ಬರುವುದಿಲ್ಲ.
ಒಳಗೆ ನಾನು, ಯಂತ್ರ, ಒಂದು ಸ್ಟೂಲು,
ಹಗಲೆಲ್ಲ ಸಂಜೆ.

ಹದಿನೇಳು ವರ್ಷದಿಂದ ಇದೇ ಮಾತು:
ಉಸಿರು ಹಿಡೀರಿ, ಬಿಡಿ. ಬಳೆ ತೆಗೀರಿ. ಅಲ್ಲಾಡಬೇಡಿ.
ಮುಖಗಳು ನೆನಪಿರುವುದಿಲ್ಲ ನನಗೆ,
ಮೊಣಕೈಗಳು ಇರುತ್ತವೆ.

ಇಂದು ಬಂದವಳು ಪಿಳ್ಳಮ್ಮ, ಅರವತ್ತೊಂದು,
ಮಾರ್ಕೆಟ್ಟಿನಲ್ಲಿ ಹೂ ಕಟ್ಟುವವಳು.
ಬೆಳಗಿನ ಜಾವ ನಾಲ್ಕಕ್ಕೆ
ಕೊಳೆತ ಚೆಂಡುಹೂವಿನ ಮೇಲೆ ಕಾಲಿಟ್ಟು
ಮೆಟ್ಟಿಲಿಂದ ಜಾರಿದಳಂತೆ.
ಡಾಕ್ಟರು ಬರೆದದ್ದು: ಎಡಗೈ, ಎಡಮಂಡಿ.
ಬಳೆ ಬರಲಿಲ್ಲ; ಸೋಪು ಹಚ್ಚಿ ತೆಗೆದೆವು.
ಉಗುರಿನಲ್ಲಿ ತುಳಸಿಯ ಕಪ್ಪು ಹಾಗೇ ಇತ್ತು.

ಇವತ್ತಿನ ಪೆಟ್ಟು ಏನೂ ಅಲ್ಲ, ಊತ ಅಷ್ಟೆ.
ಆದರೆ ಪರದೆಯ ಮೇಲೆ
ಮುಂಗೈಯ ಎರಡು ಮೂಳೆಗಳಲ್ಲಿ
ಕಿರುಬೆರಳಿನ ಕಡೆಯದು
ನಡುವೆ ಸೊಟ್ಟ,
ಗಂಟು ಬಿದ್ದ ದಾರದ ಹಾಗೆ ದಪ್ಪ.

ಬಿದ್ದ ಮಕ್ಕಳು ಅಂಗೈ ಊರುತ್ತಾರೆ,
ಮಣಿಕಟ್ಟಿನ ಹತ್ತಿರ ಮುರಿಯುತ್ತದೆ.
ಸೀಬೆಮರ, ಸೈಕಲ್ಲು, ಮಹಡಿ ಮೆಟ್ಟಿಲು,
ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ ರುಜು.
ಇದು ಬೇರೆ.
ಇದು ಮೇಲಿಂದ ಬಂದದ್ದಕ್ಕೆ ಅಡ್ಡ ಹಿಡಿದ ಕೈ.

"ಅಮ್ಮ, ಚಿಕ್ಕಂದಿನಲ್ಲಿ ಈ ಕೈ ಮುರಿದಿತ್ತಾ?"
"ಇಲ್ಲ ಕಣಪ್ಪ."
"ನೋವು?"
"ಮಳೆಗಾಲಕ್ಕೆ ಒಸಿ ಸೆಳೀತದೆ. ಯಾರ್ಗೆ ಸೆಳೆಯಲ್ಲ?"

ಮಂಡಿಯ ಫಿಲ್ಮು ಬಂತು.
ಅದರ ಕೆಳಗೆ, ಮೂಳೆಗೆ ಅಡ್ಡಲಾಗಿ
ಕೂದಲೆಳೆಯಂಥ ಬಿಳಿ ಗೆರೆಗಳು, ಮೂರು.
ಬೆಳೆಯುವ ಮೂಳೆ ಜ್ವರಕ್ಕೋ ಹಸಿವಿಗೋ
ನಿಂತು, ಮತ್ತೆ ಹೊರಟ ಜಾಗ.
ಬಾಗಿಲ ಚೌಕಟ್ಟಿಗೆ ನನ್ನನ್ನು ಆನಿಸಿ
ನೆತ್ತಿಯ ಮೇಲೆ ಸ್ಕೇಲಿಟ್ಟು
ಅಪ್ಪ ಪೆನ್ಸಿಲಿನಲ್ಲಿ ಗೀಚುತ್ತಿದ್ದ, ಯುಗಾದಿಗೊಂದು ಗೆರೆ.
ಇವಳನ್ನು ಯಾರೂ ಅಳೆಯಲಿಲ್ಲ.
ಮೂಳೆ ತಾನೇ ಬರೆದುಕೊಂಡಿದೆ,
ಬೆಳೆದದ್ದನ್ನಲ್ಲ, ಬೆಳೆಯದೆ ಉಳಿದದ್ದನ್ನು.

ಇನ್ನೊಂದು ಕೋನ ಬೇಕಿತ್ತು. ಮಲಗಿಸಿ
ದೀಪ ಹಾಕಿದೆ. ಚೌಕದ ಬೆಳಕು
ತಟ್ಟನೆ ಮುಖಕ್ಕೆ ಬಿತ್ತು.
ಪಿಳ್ಳಮ್ಮನ ಎಡಗೈ ಎದ್ದಿತು,
ಮೊಣಕೈ ಮಡಚಿ, ಹಣೆಗೆ ಅಡ್ಡವಾಗಿ,
ಕಿರುಬೆರಳಿನ ಕಡೆಯ ಮೂಳೆ ಮುಂದು ಮಾಡಿ.

ನಾನು ಸ್ವಿಚ್ಚು ಒತ್ತಲಿಲ್ಲ.
ಅವಳೇ ಇಳಿಸಿದಳು, ನಾಚಿದ ಹಾಗೆ.
ಸ್ವಲ್ಪ ಹೊತ್ತಿಗೆ, ಚಾವಣಿಗೆ ಹೇಳಿದಳು:
"ಕಬ್ಬನ್‌ಪೇಟೇಲಿ ರೇಷ್ಮೆ ಹುರಿ ಮಾಡೋ ಮನೆ.
ಎಳೆ ಕಿತ್ತೋದ್ರೆ ಯಜಮಾನ್ರು ಅಳತೆಕೋಲು ತಗೊಳ್ಳೋರು.
ಅದು ಮುರಿದಿದ್ದಲ್ಲ ಕಣಪ್ಪ, ಊದಿತ್ತು.
ಅವ್ವ ಅರಿಶಿನ ಮೆತ್ತಿ ಹಳೇ ಲಂಗ ಹರಿದು ಕಟ್ಟಿದ್ಲು.
ಮೂರ್ನೇ ದಿನ ಕೆಲಸಕ್ಕೋದೆ."
"ಆಗ ಎಷ್ಟು ವಯಸ್ಸು?"
"ಹಲ್ಲು ಬೀಳ್ತಿದ್ದೊ."

ವರದಿಯಲ್ಲಿ ಮೂರೇ ಪದ: ಹಳೇ ಮುರಿತ, ಕೂಡಿದೆ.
ಕೂಡಿದ್ದು ನಿಜ.
ನಲವತ್ತು ವರ್ಷ ಮಲ್ಲಿಗೆ, ಕನಕಾಂಬರ, ಸೇವಂತಿಗೆ
ಮೊಳ ಹಾಕಿದ್ದು ಇದೇ ಕೈ.

ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದು
ಸೊಟ್ಟವನ್ನು ಬೆರಳಲ್ಲಿ ಸವರಿದಳು,
ಹಿಂದೆ ಮುಂದೆ, ಹಿಂದೆ ಮುಂದೆ.
ಆಮೇಲೆ ಬಾಯಿ ತುಂಬ ನಕ್ಕಳು.
"ಅದ್ಕೇ ನೋಡು! ನಿನ್ನ ಮೊಳ ಗಿಡ್ಡ ಅಂತ
ಜಗಳ ತೆಗೀತಾರೆ ಜನ. ನಾನೇನು ಕದೀತೀನಾ?
ಮೇಲೊಂದು ಗೇಣು ಬಿಟ್ಟೇ ಕೊಡ್ತೀನಿ.
ಇದ್ನ ನಂಗೇ ಕೊಡ್ತೀರಲ್ಲ?
ಕೇಳ್ದೋರ್ಗೆ ತೋರಿಸ್ತೀನಿ."

ಬಾಗಿಲು ತೆರೆದಾಗ ಹಾರನ್ನುಗಳೆಲ್ಲ
ಒಟ್ಟಿಗೇ ಒಳಗೆ ಬಂದವು.
ಸ್ಟೂಲಿನ ಮೇಲೆ ಅವಳ ಬಳೆಗಳು,
ಸೋಪಿನ ನೊರೆ ಇನ್ನೂ ಆರಿರಲಿಲ್ಲ.