ನಲವತ್ತೊಂದು ಡಾಲರ್ ಇಪ್ಪತ್ತೈದು ಸೆಂಟ್

ಹಾಡಿದವನ ಹೆಸರು ತಟ್ಟೆಯ ನಡುವಿನ ಕೆಂಪು ಕಾಗದದಲ್ಲಿ
ಚಿನ್ನದ ಅಕ್ಷರವಾಗಿ ತಿರುಗುತ್ತಿತ್ತು,
ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು.
ಉಳಿದವರ ಹೆಸರು ನನ್ನ ಟೈಪ್‌ರೈಟರಿನಲ್ಲಿತ್ತು.
ಮೂರು ತಾಸು, ನಾಲ್ಕು ಹಾಡು,
ತಲೆಗೆ ನಲವತ್ತೊಂದು ಡಾಲರ್ ಇಪ್ಪತ್ತೈದು ಸೆಂಟ್.
ಬಿಳಿ ಪ್ರತಿ ಕಂಪನಿಗೆ, ಹಳದಿ ಯೂನಿಯನ್ನಿಗೆ,
ಗುಲಾಬಿ ಯಾರಿಗೂ ಬೇಡದ್ದು, ನನ್ನ ಡ್ರಾಯರಿಗೆ.

ಅವನು ಬರುತ್ತಿದ್ದುದು ಹಿಂಬಾಗಿಲಿಂದ,
ಬ್ರೇಕ್ ರಿಪೇರಿಯ ಅದೇ ನೀಲಿ ಅಂಗಿಯಲ್ಲಿ.
ಹಳೆ ಟ್ರಕ್ಕಿನ ಅಚ್ಚಿನಿಂದ ತಾನೇ ಕಡೆದ ಉಕ್ಕಿನ ತುಂಡು
ಕಾಲುಚೀಲದೊಳಗೆ, ಕಾಲುಚೀಲ ಜೇಬಿನೊಳಗೆ.
ಮೀನು ಸೀಳಲು ಕೂತವನ ಹಾಗೆ
ತೊಡೆಯ ಮೇಲೆ ಗಿಟಾರನ್ನು ಅಂಗಾತ ಮಲಗಿಸಿ
ತಲೆ ತಗ್ಗಿಸಿದನೆಂದರೆ, ಅಷ್ಟೇ.

ಎಲ್ಲಿ ಕಲಿತೆ, ಅಂತ ಕೇಳಿದ್ದೆ ಒಮ್ಮೆ, ಕಾಫಿಯ ಹೊತ್ತಿಗೆ.
"ಪಾಠ ಮಾರುವವನೊಬ್ಬ ನಮ್ಮ ಮನೆಗೆ ಬರುತ್ತಿದ್ದ,
ಪೆಟ್ಟಿಗೆಯ ಮೇಲೆ ತೆಂಗಿನಮರದ ಚಿತ್ರ, ಸಮುದ್ರ.
ಐವತ್ತೆರಡು ವಾರದ ಕಂತು.
ಹದಿನೇಳನೆ ವಾರಕ್ಕೆ ಅಮ್ಮನ ಕೋಳಿಗಳು ಮುಗಿದವು.
ಉಳಿದ ಮೂವತ್ತೈದು ನಾನೇ ಊಹಿಸಿಕೊಂಡೆ."

ಆ ಮಂಗಳವಾರ ನಾನು ಗಾಜಿನ ಈಚೆ ಇದ್ದೆ.
ಬಿಳಿ ಹ್ಯಾಟಿನ ಗಾಯಕ ಮೂರನೆಯ ಚರಣದಲ್ಲಿ ಬಾಯಿ ತೆರೆದ,
ಮಾತು ಬರಲಿಲ್ಲ. ಮರೆವೋ, ರಾತ್ರಿಯ ವಿಸ್ಕಿಯೋ.
ನಿಲ್ಲಿಸಿ ಎನ್ನಲು ಡೈರೆಕ್ಟರ ಕೈ ಎತ್ತುವುದರೊಳಗೆ
ಉಕ್ಕು ಕೆಳಗಿನಿಂದ ಹೊರಟಿತ್ತು,
ಮನೆಗಳಿಲ್ಲದ ದಾರಿಯಲ್ಲಿ ನಡೆದುಬಂದಂತೆ
ಸ್ವರದಿಂದ ಸ್ವರಕ್ಕೆ, ಎಲ್ಲೂ ಕೂರದೆ,
ಗಂಟಲವರೆಗೆ ಬಂದ ಮಾತನ್ನು ನುಂಗಿಕೊಂಡು
ಸರಿಯಾದ ತಾಳಕ್ಕೆ ಹ್ಯಾಟಿನವನ ಕೈಗೆ ಹಾಡು ವಾಪಸು.
ಡೈರೆಕ್ಟರು ಎತ್ತಿದ ಕೈಯಿಂದ ಕಿವಿ ತುರಿಸಿಕೊಂಡರು.

ಆ ಚಳಿಗಾಲ ಲಾರಿ ಹೊಡೆಯುವವರು,
ಗಿರಣಿಯ ರಾತ್ರಿ ಪಾಳಿಯ ಹುಡುಗಿಯರು
ಆ ಜಾಗ ಬಂದಾಗ ಮಾತು ನಿಲ್ಲಿಸುತ್ತಿದ್ದರಂತೆ.
ಹ್ಯಾಟಿನವನು ಎರಡು ಬ್ಯೂಕ್ ಕಾರು ಕೊಂಡ.
ನಾನು ಮೂರು ಪ್ರತಿ ಟೈಪ್ ಮಾಡಿದೆ: ಗಿಟಾರ್, ಒಂದು.
ಓಟಿಸ್ ಟ್ರಾಮೆಲ್.

ಲೋಕದಲ್ಲಿ ಎಲ್ಲರೂ ಓಟಿಸ್‌ಗಳೇ.
ನಮ್ಮ ಕಡೆಯ ನಾಲಿಗೆಗೆ ಟ, ಡ ಎರಡೂ ಒಂದೇ,
ನಡುವೆ ಎಲ್ಲೋ ತಗುಲಿ ಹಾರಿಹೋಗುತ್ತವೆ.
ಒಂಬತ್ತು ವರ್ಷ ಬರೆದೆ.

ಲಾರೆನ್ಸ್‌ಬರ್ಗಿನ ಆಚೆಯ ಮಣ್ಣಿನಲ್ಲಿ, ಮಾರ್ಚಿ ಗಾಳಿಯಲ್ಲಿ,
ಕಲ್ಲಿನ ಮೇಲೆ ಓದಿದೆ: ಓಡಿಸ್.
ತಪ್ಪಾಗಿದೆ ಕಲ್ಲು, ಅನ್ನಲು ಹೊರಟಿದ್ದೆ.
ಅವನ ಹೆಂಡತಿ ವೆಸ್ಟಾ ನನ್ನ ತೋಳು ಹಿಡಿದಳು.
"ಚೆಕ್ಕಿನವರು ನೀವೇ ಅಲ್ಲವೆ?
ಬ್ಯಾಂಕಿನಲ್ಲಿ ಪ್ರತಿ ಸಲ ತಕರಾರು.
ಹಿಂಬದಿಯಲ್ಲಿ ಎರಡು ರುಜು ಹಾಕುತ್ತಿದ್ದರು,
ಮೊದಲು ನೀವು ಬರೆದ ಹಾಗೆ,
ಕೆಳಗೆ ಅವರಮ್ಮ ಇಟ್ಟ ಹಾಗೆ.
ಹೇಳಿಬಿಡಿ ಅಂದರೆ, ಪಾಪ ಬಿಡು,
ಆ ಹುಡುಗಿ ಅಷ್ಟು ಚಂದ ಟೈಪ್ ಮಾಡುತ್ತಾಳೆ, ಅನ್ನುತ್ತಿದ್ದರು."

ಮನೆಗೆ ಬಂದು ಗುಲಾಬಿ ಹಾಳೆಗಳನ್ನು ಹರಡಿದೆ.
ಕಾರ್ಬನ್ನಿನ ಅಕ್ಷರ ರಬ್ಬರಿಗೆ ಹೋಗುವುದಿಲ್ಲ,
ಕಾಗದವೇ ಹರಿಯುತ್ತದೆ.
ನೂರ ಎಂಬತ್ತಾರು ಹಾಳೆ. ಎರಡನ್ನು ಹರಿದ ಮೇಲೆ ನಿಲ್ಲಿಸಿದೆ.

ಹೋದ ವಾರ ಒಸಾಕಾದಿಂದ ಒಬ್ಬ ಹುಡುಗ ಬಂದಿದ್ದ,
ಕಂಕುಳಲ್ಲಿ ಆ ತಟ್ಟೆ, ಬಟ್ಟೆಯಲ್ಲಿ ಸುತ್ತಿ.
ಆ ಮೂರನೆಯ ಚರಣದಲ್ಲಿ, ಎಂದು ಶುರುಮಾಡಿ
ಕೈಯನ್ನು ಗಾಳಿಯಲ್ಲಿ ಮೆಲ್ಲಗೆ ಜಾರಿಸಿ ತೋರಿಸಿದ.
ಹೇಳಿದೆ. ಡ ಎಂದು ಒತ್ತಿ ಹೇಳಿದೆ,
ಹಲ್ಲಿನ ಕಟ್ಟು ಸಡಿಲವಾಗುವಷ್ಟು.
ಅವನು ತಲೆಬಾಗಿ ಪುಟ್ಟ ಪುಸ್ತಕದಲ್ಲಿ ಬರೆದುಕೊಂಡ.

ಬರೆದದ್ದು ತೋರಿಸು, ಅಂದೆ.
ತೋರಿಸಿದ.
ಅವನ ಲಿಪಿ ನನಗೆ ಓದಲು ಬರಲಿಲ್ಲ.