ಎರಡು ಮೊಳೆಗಳ ನಡುವೆ

ಹದಿಮೂರು ಚಿತ್ರ. ಯಾವುದೂ ಅಂಗೈಗಿಂತ ದೊಡ್ಡದಲ್ಲ.
ಫ್ಲೋರಿನ್ ಟೀಚರು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ಕೊಟ್ಟರು,
"ಹೆಂಗಾದ್ರೂ ಹಾಕು ಮಾರಾಯ್ತಿ, ನಾನು ಸಂಜೆ ಬರ್ತೀನಿ."

ದುರ್ಗಿಗುಡಿಯ ಔಷಧಿ ಅಂಗಡಿಯ ಮೇಲಿನ ಕೋಣೆ.
ಬಿಳಿ ಗೋಡೆ, ಅಳತೆಗೆ ಟೈಲರಿನ ಟೇಪು,
ಏಣಿಯ ಮೇಲೆ ನವಾಜ್, ಬಾಯಲ್ಲಿ ನಾಲ್ಕು ಮೊಳೆ.
ಮೊಳೆ ಕಚ್ಚಿಕೊಂಡವನು ಹ್ಞೂಂ ಅನ್ನುತ್ತಾನೆ, ಉಹ್ಞೂಂ ಅನ್ನುತ್ತಾನೆ;
ವಿಮರ್ಶೆಗೆ ಅಷ್ಟು ಸಾಕು.

ಮೊದಲು ಬೆತ್ತದ ಕುರ್ಚಿ. ಖಾಲಿ.
ಪಕ್ಕದಲ್ಲಿ ತುಂಗೆ: ದಡವಿಲ್ಲ, ದೋಣಿಯಿಲ್ಲ, ಬರೀ ನೀರು.
ಹಿಂದೆ ಸರಿದು ನೋಡಿದೆವು.
ಯಾರೋ ಮುಳುಗಿದ್ದರು.
ಟೀಚರು ಮುಳುಗಿಸಿದ್ದಲ್ಲ,
ನಾವು, ನಾಲ್ಕು ಬೆರಳ ಅಂತರದಲ್ಲಿ.

ತುಂಗೆಯನ್ನು ಬಾಗಿಲ ಬಳಿಗೆ ಕಳಿಸಿ
ಹೆಚ್ಚಿಟ್ಟ ಅರ್ಧ ನಿಂಬೆಹಣ್ಣು ತಂದೆ.
ಈಗ ಕುರ್ಚಿಯವಳು ಶರಬತ್ತು ಮಾಡಲು ಒಳಗೆ ಹೋಗಿದ್ದಾಳೆ,
ಚಮಚದ ಸದ್ದೂ ಕೇಳಿತು.
ಬದುಕಿಸುವುದು ಇಷ್ಟು ಸುಲಭವೇ ಎಂದು
ನಾಚಿಕೆಯಾಗಿ
ಇನ್ನೊಂದು ಸೇರಿಸಿದೆ: ಬಸ್ಸಿನ ಕಿಟಕಿ, ಅದರಾಚೆ ಭದ್ರಾವತಿಯ ಚಿಮಣಿ.
ಶರಬತ್ತಿಗೆ ಇರುವೆ ಮುತ್ತಿತು.

ಮಂಡಗದ್ದೆಯ ಬೆಳ್ಳಕ್ಕಿಗಳದ್ದೇ ಕಷ್ಟ.
ಎಲ್ಲಿಟ್ಟರೂ ಪಕ್ಕದ ಚಿತ್ರಕ್ಕೆ ಹಾರಿ ಗೂಡು ಕಟ್ಟುತ್ತವೆ.
ಒಂಟಿ ಚಪ್ಪಲಿಯ ಪಕ್ಕ ಹಾಕಿದರೆ
ಆ ಹುಡುಗ ಅಟ್ಟಿಸಿಕೊಂಡು ಓಡಿದ್ದು ಇವನ್ನೇ.
ಬೆನ್ನು ತಿರುಗಿಸಿ ಕೂತ ಹೆಂಗಸಿನ ಪಕ್ಕ ಹಾಕಿದರೆ
ಅವಳ ತಲೆ ನರೆಯಿತು.
ಬಣ್ಣ ಒಂದು ಚುಕ್ಕೆಯೂ ಬದಲಾಗಿರಲಿಲ್ಲ.

ನಮ್ಮ ಮನೆಯಲ್ಲೂ ಹೀಗೇ.
ಪಾಲಾದ ವರ್ಷ ಚಿಕ್ಕಪ್ಪನ ಫೋಟೋವನ್ನು ಅಮ್ಮ ಹರಿಯಲಿಲ್ಲ,
ಅಜ್ಜನ ಪಕ್ಕದಿಂದ ತೆಗೆದು
ಕರೆಂಟಿನ ಮೀಟರ್ ಪಕ್ಕಕ್ಕೆ ಹಾಕಿದಳು, ಅಷ್ಟೆ.
ಅಂದಿನಿಂದ ಅವನು
ಬಿಲ್ಲು ಕೊಡಲು ಬಂದವನ ಹಾಗೆ ಕಾಣತೊಡಗಿದ.

ಆರು ಗಂಟೆಗೆ ಟೀಚರು ಬಂದರು, ಮೆಟ್ಟಿಲು ಹತ್ತಿ ಏದುಸಿರು.
ಕನ್ನಡಕ ಒರೆಸಿದರು, ಮತ್ತೆ ಒರೆಸಿದರು.
"ಆ ಕುರ್ಚಿ ಯಾರದೂ ಅಲ್ಲ ಕಣೇ,
ರಿಪೇರಿ ಅಂಗಡಿಯ ಮುಂದೆ ಇಟ್ಟಿದ್ರು, ಬರೆದೆ."
ಆಮೇಲೆ ಬಹಳ ಹೊತ್ತು ಮಾತಿಲ್ಲ.
ಕುರ್ಚಿ, ನಿಂಬೆ, ಕಿಟಕಿ; ಕಿಟಕಿ, ನಿಂಬೆ, ಕುರ್ಚಿ.
"ಅಲ್ಲ, ಅವಳು ಬಸ್ಸು ಹತ್ತಿದ್ದು
ನಿಂಗೆ ಯಾರು ಹೇಳಿದ್ರು?"

ನವಾಜನ ಬಾಯಲ್ಲಿ ಇನ್ನೂ ಒಂದು ಮೊಳೆ ಉಳಿದಿತ್ತು.
ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲಿಲ್ಲ.

ಗೋಡೆಯಲ್ಲಿ, ತುಂಗೆ ಮೊದಲು ತೂಗಿದ್ದ ತೂತು.
ಅದಕ್ಕೆ ಸುಣ್ಣ ಮೆತ್ತುವುದು ಮರೆತಿತ್ತು.
ಟೀಚರು ಸರಿಯಾಗಿ ಅದರ ಪಕ್ಕಕ್ಕೇ ನಿಂತಿದ್ದರು,
ನಾಲ್ಕು ಬೆರಳ ಅಂತರದಲ್ಲಿ.